ಒಂದು ದೀಪ, ಒಂದು ಫ್ಯಾನಿಗಾಗುವಷ್ಟು

ಟೈಲರಕ್ಕನ ನಾಲಿಗೆ ಅವಳ ಕತ್ತರಿಗಿಂತ ಹರಿತ ಎಂದು ಇಡೀ ಬೀದಿಗೇ ಗೊತ್ತಿತ್ತು. ಆದರೆ ಅದು ಒಡಹುಟ್ಟಿದ ತಂಗಿಯನ್ನೇ ಹಿತ್ತಲಿನ ಶೆಡ್ಡಿಗೆ ಅಟ್ಟೀತೆಂದು ಅವಳೂ ಎಣಿಸಿರಲಿಲ್ಲ. ನಡೆದದ್ದಾದರೂ ಏನು ಮಹಾ? ತಂಗಿ ಎಂದಿನಂತೆ ಸೌಟನ್ನು ಎಲ್ಲೋ ಇಟ್ಟು ಮರೆತಿದ್ದಳು. "ಇನ್ಮೇಲೆ ನನ್ನ ಅಡುಗೆಮನೆಗೆ ಕಾಲಿಡ್ಬೇಡ" ಎಂದುಬಿಟ್ಟಳು ಅಕ್ಕ.

ತಂಗಿ ಲೈಬ್ರರಿಯಲ್ಲಿ ಕೆಲಸ ಮಾಡುವವಳು, ದನಿ ಏರಿಸಿ ರೂಢಿಯಿಲ್ಲ. "ಆಯ್ತು. ಹಿಂದಿನ ಶೆಡ್ಡಲ್ಲಿ ಒಂದು ಕರೆಂಟ್ ಒಲೆ ಇಟ್ಕೊಂಡು ಇರ್ತೀನಿ. ವೈರ್ ಎಳೆಸಿಕೊಡು, ಸಾಕು" ಎಂದಳು.

ಅಕ್ಕ ವೈರ್ ಕೊಳ್ಳಲು ಹೋದಾಗ ಅಂಗಡಿಯವನು ಎರಡು ಕಪ್ಪು ಕೇಬಲ್ ಸುರುಳಿಗಳನ್ನು ಮೇಜಿನ ಮೇಲಿಟ್ಟ. ಒಂದು ಪೆನ್ಸಿಲ್‌ನಷ್ಟು ದಪ್ಪ, ಇನ್ನೊಂದು ಹೆಬ್ಬೆರಳಿನಷ್ಟು.

"ಎರಡೂ ಬಿಸಿಲು ತಡ್ಕೊಳ್ಳುತ್ತೆ. ಮೇಲೆ ಸ್ಟೀಲ್ ತಂತಿ ಬಿಗಿದು ಅದಕ್ಕೆ ಕಟ್ಟಿದ್ರೆ ಜೋತುಬೀಳಲ್ಲ. ಅಲ್ಲಿ ಏನೇನು ಹಾಕ್ತೀರಿ ಹೇಳಿ. ಒಲೆ ಗಿಲೆ ಇದ್ರೆ ದಪ್ಪದ್ದೇ ಬೇಕು. ಸಣ್ಣದ್ರಲ್ಲಿ ಅಷ್ಟು ದೂರ ಹೋಗೋ ಹೊತ್ತಿಗೆ ಕರೆಂಟ್ ಸೊರಗಿಹೋಗುತ್ತೆ."

ಅಕ್ಕನ ಕೈ ದಪ್ಪದ್ದರ ಕಡೆಗೇ ಹೋಗಿತ್ತು. ಅಷ್ಟರಲ್ಲಿ ಒಂದು ಯೋಚನೆ ಹೊಳೆಯಿತು. ಒಲೆ ಉರಿಯದಿದ್ದರೆ? ಹೊಟ್ಟೆ ಚುರುಗುಟ್ಟಿದಾಗ ತಂಗಿ ಹಿತ್ತಲ ಬಾಗಿಲಿನಿಂದ ತಾನಾಗಿಯೇ ಒಳಗೆ ಬರುತ್ತಾಳೆ. ಯಾರೂ ಯಾರಲ್ಲೂ ತಪ್ಪಾಯಿತು ಎನ್ನಬೇಕಿಲ್ಲ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಳು.

"ಒಲೆ ಇಲ್ಲ. ಒಂದು ದೀಪ, ಒಂದು ಫ್ಯಾನು. ಸಣ್ಣದ್ದೇ ಕೊಡಿ."

ವೈರ್‌ಮನ್ ಅದನ್ನು ಶೆಡ್ಡಿಗೆ ಎಳೆದು, ಹೊರೆ ಹೆಚ್ಚಾದರೆ ತಾನೇ ಆರಿಬಿಡುವ ಟ್ರಿಪ್ ಸ್ವಿಚ್ಚನ್ನೂ ಅದಕ್ಕೆ ತಕ್ಕಂತೆ ಸಣ್ಣದನ್ನೇ ಕೂರಿಸಿ ಹೋದ. ತಂಗಿ ಒಲೆ ಹಚ್ಚಿದೊಡನೆ ಸ್ವಿಚ್ಚು ಟಪ್ಪೆಂದು ಬಿತ್ತು. ಎತ್ತಿದಳು, ಮತ್ತೆ ಬಿತ್ತು. ಇತ್ತ ಅಕ್ಕ ಎರಡು ತಟ್ಟೆ ಇಟ್ಟು ಬಾಗಿಲನ್ನೇ ನೋಡುತ್ತ ಕೂತಳು. ಅನ್ನ ಆರಿತು, ಬಾಗಿಲು ತೆರೆಯಲಿಲ್ಲ. ತಂಗಿ ಬ್ರೆಡ್ಡು ತಿಂದು ಮಲಗಿದಳು. ಮರುದಿನವೂ ಅದೇ ಕತೆ.

ಕೊನೆಗೆ ತಂಗಿ ಬಂದಳು, ಊಟಕ್ಕಲ್ಲ.

"ಒಲೆ ಇಲ್ಲ ಅಂತ ನೀನೇ ಅಂಗಡೀಲಿ ಹೇಳಿದ್ಯಂತೆ, ವೈರ್‌ಮನ್ ಅಂದ. ನನಗೆ ಅನ್ನ ಬೇಯಿಸ್ಕೊಳ್ಳೋಷ್ಟು ಕರೆಂಟ್ ಕೊಡೋಕೂ ನಿನಗೆ ಮನಸ್ಸಿಲ್ವೇನಕ್ಕಾ?"

ಬೇಡದ ಹೊತ್ತಿನಲ್ಲೆಲ್ಲ ಪಟಪಟನೆ ಆಡುವ ನಾಲಿಗೆ ಆಗ ಕೈಕೊಟ್ಟಿತು. ಬಾಯಿಗೆ ಬಂದ ನಿಜವನ್ನು ನುಂಗಿಕೊಂಡು, "ಶೆಡ್ಡಿಗೆ ಅಷ್ಟು ಸಾಕು" ಎಂದಳು ಅಕ್ಕ.

ಆ ವಾರವೇ ತಂಗಿ ಲೈಬ್ರರಿಯ ಗೆಳತಿಯ ಮನೆ ಸೇರಿದಳು. ಅಕ್ಕ ಅಂಗಡಿಗೆ ಓಡಿ ಹೆಬ್ಬೆರಳು ದಪ್ಪದ ಕೇಬಲ್ ತಂದು ಎಳೆಸಿದಳು. ಖಾಲಿ ಶೆಡ್ಡಿಗೆ ಇದೇಕೆ ಎಂದು ವೈರ್‌ಮನ್ ಕೇಳಿದರೆ ಏಣಿ ತಂದು ಗೋಡೆಗೆ ಆನಿಸಿದಳು.

ಉಳಿದ ಪುಸ್ತಕ ಒಯ್ಯಲು ಬಂದ ತಂಗಿ ತಲೆಯೆತ್ತಿ ಹೊಸ ಕೇಬಲನ್ನು ನೋಡಿದಳು. "ಇದು ಯಾರಿಗೆ?"

"ನಿನಗೇ. ಅವತ್ತು ಸಣ್ಣದು ತಂದಿದ್ದು... ಒಲೆ ಹತ್ತದಿದ್ರೆ ಊಟಕ್ಕೆ ಒಳಗೆ ಬರ್ತೀಯ ಅಂತ ಕಣೇ."

ತಂಗಿ ಪುಸ್ತಕದ ಕಟ್ಟನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು. "ಕರೆದಿದ್ರೆ ಬರ್ತಿದ್ದೆನಲ್ಲಕ್ಕಾ."

"ಈಗ ಕರೀತಿದ್ದೀನಿ. ಬಾ."

"ಅಲ್ಲಿ ಗೆಳತಿ ನನಗೂ ತಟ್ಟೆ ಇಟ್ಕೊಂಡು ಕಾಯ್ತಿರ್ತಾಳೆ" ಎಂದು ತಂಗಿ ಕಟ್ಟನ್ನು ಎತ್ತಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕನಿಗೆ ಹೆಚ್ಚು ನೋವಾದದ್ದು ಅದಕ್ಕೇ.