ಹೊಟ್ಟೆ ತೆರೆದ ವಿಮಾನ

ನಾನು ಒಂದು ಬಾಂಬರ್ ವಿಮಾನ. ಗಾಬರಿಯಾಗಬೇಡಿ, ನನ್ನ ಉದ್ದ ಒಂದು ಗೇಣು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನವರು ಹಾರಿಸಿದ್ದ ವಿಮಾನದ ಪ್ಲಾಸ್ಟಿಕ್ ಮಾದರಿ. ಯಾವುದೋ ಕಾರ್ಖಾನೆಯಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಸುರಿದರು. ರೆಕ್ಕೆ ಒಂದು ಕಡೆ, ಬಾಲ ಒಂದು ಕಡೆ, ಬಿಡಿಬಿಡಿಯಾಗಿ ಹುಟ್ಟಿದೆ.

ನನ್ನನ್ನು ಕೊಂಡವರು ಮೈಸೂರಿನ ಅನಂತಸ್ವಾಮಿ, ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಊಟದ ಮೇಜಿನ ಮೇಲೆಯೇ ನನ್ನನ್ನು ಜೋಡಿಸಿದರು. ಅಂಟಿನ ನಾತಕ್ಕೆ ಅವರ ಹೆಂಡತಿ ವಾರಿಜಾ ಮೂಗು ಮುಚ್ಚಿಕೊಂಡು ಸಾರು ಬಡಿಸುತ್ತಿದ್ದರು. ಆ ಮನುಷ್ಯ ಕುಂಚದ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡಿ, ಅದೇ ಎಂಜಲು ಕುಂಚದಿಂದ ನನಗೆ ಬಣ್ಣ ಬಳಿದರು. ಛೀ! ಮೇಲೆ ಹಸಿರು, ಕೆಳಗೆ ಬೂದು, ರೆಕ್ಕೆಗಳ ಮೇಲೆ ಕೆಂಪು ದುಂಡು. ಆಮೇಲೆ ಹೊಸ ಮೈಗೆ ಮಸಿ ಸವರಿ, ಯುದ್ಧ ಮಾಡಿ ಬಂದಂತೆ ಕಾಣುವ ಹಾಗೆ ಮಾಡಿದರು. ಮಾಡದ ಯುದ್ಧದ ಕೊಳೆ ಹೊತ್ತು ನಿಲ್ಲುವುದು ನನಗೆ ಅಸಹ್ಯವಾಗುತ್ತಿತ್ತು.

ದಸರಾ ಬಂತು. ಮೈಸೂರಿನ ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ, ನೋಡಲು ನೆರೆಹೊರೆಯವರೆಲ್ಲ ಬರುತ್ತಾರೆ. ಪುಕ್ಕಟೆ ಪ್ರೇಕ್ಷಕರು ಸಿಗುವಾಗ ಮೇಷ್ಟ್ರು ಬಿಡುತ್ತಾರೆಯೇ? ಪಟ್ಟದ ಗೊಂಬೆಗಳ ತಲೆಯ ಮೇಲೆ ನನ್ನನ್ನು ದಾರ ಕಟ್ಟಿ ತೂಗುಹಾಕಿದರು.

ಮರುದಿನ ವಾರಿಜಾ ಅವರ ತಾಯಿ ಪದ್ಮಾವತಮ್ಮ ಬಂದರು. ಗಂಡ ತೀರಿಕೊಂಡು ವರ್ಷವಾಗಿತ್ತು. ಇನ್ನು ಮಗಳ ಮನೆಯಲ್ಲೇ ಇರುವುದೆಂದು ಟ್ರಂಕಿನ ಸಮೇತ ಬಂದಿದ್ದರು. ಸಂಜೆ ಆರತಿಯ ಹಾಡು ಹೇಳಲು ಕೂತವರು ತಲೆ ಎತ್ತಿ ನನ್ನನ್ನು ನೋಡಿದರು. ಹಾಡು ಅರ್ಧಕ್ಕೇ ನಿಂತಿತು.

“ಅದನ್ನ ಇಳಿಸಿಬಿಡಿ,” ಎಂದರು ಅಳಿಯನಿಗೆ. “ನಮ್ಮಪ್ಪ ರಂಗೂನಿನ ಬಂದರಲ್ಲಿ ಗುಮಾಸ್ತರಾಗಿದ್ರಲ್ಲ, ಆಗ ಬಂದದ್ದು ಇದೇ. ನಮ್ಮ ಚಂದ್ರು ಹೋದದ್ದು ಇದರಿಂದ್ಲೇ.”

ಚಂದ್ರು ಅವರ ತಮ್ಮ, ನಾಲ್ಕು ವರ್ಷದವನು. ಬಾಂಬು ಬಿದ್ದ ಮೇಲೆ ಉಳಿದವರು ಅವನಿಲ್ಲದೆ, ನಡೆದುಕೊಂಡೇ ಬರ್ಮಾ ಬಿಟ್ಟು ಬಂದಿದ್ದರು.

“ಒಂದ್ಸಲ ಕೂರಿಸಿದ ಮೇಲೆ ವಿಜಯದಶಮಿವರೆಗೂ ಕದಲಿಸೋ ಹಾಗಿಲ್ವಲ್ಲ ಅತ್ತೆ,” ಎಂದರು ಮೇಷ್ಟ್ರು. ವರ್ಷವಿಡೀ ದೇವರಿಗೆ ಕೈಮುಗಿಯದ ಮನುಷ್ಯನಿಗೆ ಅಂದು ಶಾಸ್ತ್ರ ನೆನಪಾಯಿತು! ಅಷ್ಟಕ್ಕೇ ಬಿಡಲಿಲ್ಲ. ಕಣ್ಣರಳಿಸಿ ಕೇಳಿದರು: “ನೀವು ಕಣ್ಣಾರೆ ನೋಡಿದ್ರಾ? ಕೆಳಗಡೆ ಬಣ್ಣ ಹೇಗಿತ್ತು ಹೇಳಿ, ಬೂದು ಬಣ್ಣಾನೋ, ಹಸಿರೋ?”

ಪದ್ಮಾವತಮ್ಮ ಮತ್ತೊಮ್ಮೆ ತಲೆ ಎತ್ತಿ ನನ್ನನ್ನು ನೋಡಿದರು.

“ಬಣ್ಣ ನೋಡ್ಲಿಲ್ಲ. ಹೊಟ್ಟೆ ಬಾಗಿಲು ತೆರೆದಿತ್ತು. ಅದನ್ನ ನೋಡಿದೆ.”

ಮಾನ ಮರ್ಯಾದೆ ಇದ್ದವರು ಅಲ್ಲಿಗೆ ಸುಮ್ಮನಾಗುತ್ತಿದ್ದರು. ಮೇಷ್ಟ್ರು ಬೆಳಿಗ್ಗೆ ಎದ್ದವರೇ ನನ್ನನ್ನು ಇಳಿಸಿದರು. ಶಾಸ್ತ್ರ ಮರೆತೇ ಹೋಗಿತ್ತು. ಬ್ಲೇಡಿನಿಂದ ನನ್ನ ಹೊಟ್ಟೆ ಕೊಯ್ದು, ಬಾಗಿಲುಗಳನ್ನು ತೆರೆದಂತೆ ಅಂಟಿಸಿ, ಖಾಲಿ ರೀಫಿಲ್ಲಿನ ತುಂಡುಗಳನ್ನು ಬಾಂಬುಗಳೆಂದು ಒಳಗೆ ಜೋಡಿಸಿ ಮತ್ತೆ ತೂಗುಹಾಕಿದರು.

“ಬನ್ನಿ ಅತ್ತೆ, ನೀವು ಹೇಳಿದ ಹಾಗೇ ಮಾಡಿದೀನಿ!”

ಅತ್ತೆಗೆ ಸಂತೋಷವಾಗುತ್ತದೆಂದೇ ಅವರು ನಂಬಿದ್ದರು. ನನಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು ಅದಕ್ಕೇ.

ಪದ್ಮಾವತಮ್ಮ ಒಂದು ಸಲ ನೋಡಿ ಒಳಗೆ ಹೋದರು. ಟ್ರಂಕಿಗೆ ಬೀಗ ಹಾಕುವ ಸದ್ದು ಕೇಳಿತು. ವಾರಿಜಾ ಅಳುತ್ತಾ ಬಾಗಿಲಿಗೆ ಅಡ್ಡ ನಿಂತರು.

“ಇದು ತಲೆ ಮೇಲಿರೋ ಮನೇಲಿ ನನಗೆ ನಿದ್ದೆ ಹತ್ತೋಲ್ಲ ಕಣೆ,” ಎಂದು ಪದ್ಮಾವತಮ್ಮ ನಂಜನಗೂಡಿನ ತಂಗಿಯ ಮನೆಗೆ ಹೊರಟೇಬಿಟ್ಟರು.

ತಾಯಿಯನ್ನು ಆಟೋ ಹತ್ತಿಸಿ ಬಂದ ವಾರಿಜಾ ಕತ್ತರಿ ತೆಗೆದುಕೊಂಡು ನನ್ನ ದಾರ ಕತ್ತರಿಸಿದರು. ನೆಲಕ್ಕೆ ಬಿದ್ದು ನನ್ನ ಒಂದು ರೆಕ್ಕೆ ಮುರಿಯಿತು. ಮೇಷ್ಟ್ರ ಬಾಯಿಂದ “ಅಯ್ಯೋ” ಎಂಬ ಮಾತು ಹೊರಟದ್ದು ಆಗಲೇ.

ಈಗ ಅಟ್ಟದ ಮೇಲೆ ಜಿರಲೆಗಳ ನಡುವೆ ಬಿದ್ದಿದ್ದೇನೆ. ರೆಕ್ಕೆಯನ್ನು ಮೇಷ್ಟ್ರು ಮತ್ತೆ ಅಂಟಿಸಿದರು. ಹೊಟ್ಟೆಯ ಬಾಗಿಲು ಮುಚ್ಚುವ ಬುದ್ಧಿ ಮಾತ್ರ ಬರಲಿಲ್ಲ. ಪದ್ಮಾವತಮ್ಮ ಮತ್ತೆ ಈ ಮನೆಯ ಮೆಟ್ಟಿಲು ತುಳಿಯಲಿಲ್ಲ, ನಂಜನಗೂಡಿನಲ್ಲೇ ತೀರಿಕೊಂಡರು. ನಿಜವಾದ ವಿಮಾನಗಳು ಆ ಹೆಂಗಸನ್ನು ಒಮ್ಮೆ ಮನೆ ಬಿಡಿಸಿದ್ದವು. ಎರಡನೆಯ ಸಲ ಬಿಡಿಸಿದ್ದು, ಒಂದು ದಿನವೂ ಹಾರದ ನಾನು.