ವಿಷಯ ಏಳು

ಫ್ಯಾನು ಮೂರು ಸುತ್ತಿಗೊಮ್ಮೆ ಟಕ್ ಎನ್ನುತ್ತದೆ, ಎಣಿಸಬಾರದು, ಕಾಗದ ನೋಡಬೇಕು, ಆರು ವಿಷಯ ಮುಗಿದವು, ಇನ್ನು ವಿಷಯ ಏಳು, ನಮ್ಮ ಕೇರಿಗೆ ನೀರಿನ ಕೊಳವೆ, ನಲವತ್ತು ಮನೆ, ಇಷ್ಟು ಓದಿ ಕೈ ಎತ್ತಿಸಿದರೆ ಆಯಿತು, ಹನ್ನೊಂದು ಸದಸ್ಯರಲ್ಲಿ ಆರು ಜನ ನನ್ನ ಕಡೆ, ಹೋದ ತಿಂಗಳೂ ಆರು ಜನ ಇದ್ದರು — ಇದ್ದರೇನು, ನನ್ನ ಮೊಣಕಾಲೇ ನನ್ನ ಕಡೆ ಇರಲಿಲ್ಲ. ಅವತ್ತು ಬಾಗಿಲಲ್ಲಿ ಊರ ಯಜಮಾನರು ಕೆಮ್ಮಿದರು, ಇಪ್ಪತ್ತು ವರ್ಷ ಈ ಪಂಚಾಯಿತಿಯ ಅಧ್ಯಕ್ಷರಾಗಿದ್ದವರು, ಈಗ ಬರೀ ಸದಸ್ಯರು, ಆದರೂ ತಡವಾಗಿಯೇ ಬರುವವರು, ಕೆಮ್ಮು ಕಿವಿಗೆ ಬಿದ್ದದ್ದಷ್ಟೇ ಗೊತ್ತು, ನಾನು ಎದ್ದು ನಿಂತಿದ್ದೆ, ತಲೆ ಕೂಡ ಬಗ್ಗಿತ್ತು, ಅಧ್ಯಕ್ಷೆಯಂತೆ ಅಧ್ಯಕ್ಷೆ! ಅವರು ನಗಲೂ ಇಲ್ಲ, ತಮ್ಮ ಜಾಗದಲ್ಲಿ ಕೂತು ಮೆಲ್ಲಗೆ, ಅಧ್ಯಕ್ಷರು ಪೀಠದಿಂದ ಎದ್ರೆ ಸಭೆ ಮುಗಿದ ಹಾಗೆ, ನಿಯಮ ಇದೆ, ಬರ್ಕೊಳ್ರೀ ಕಾರ್ಯದರ್ಶಿ, ಅಂದರು. ಕಾರ್ಯದರ್ಶಿ ಬರೆದುಕೊಂಡರು, ಪಾಪ, ಇದ್ದ ನಿಯಮ ತಾನೇ. ಕೊಳವೆ ಇವತ್ತಿಗೂ ಕೇರಿಯ ಮೂಲೆಯಲ್ಲೇ ನಿಂತಿದೆ, ಕೊಡ ಹೊತ್ತ ಹೆಂಗಸರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ.

ಇವತ್ತು ಏಳುವುದಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ, ಗಂಡ ಬಾಗಿಲಲ್ಲಿ ನಿಂತು ಯಜಮಾನರ ಹಾಗೆ ಕೆಮ್ಮಿದ, ನಾನು ಸ್ಟೂಲು ಬಿಗಿಯಾಗಿ ಹಿಡಿದು ಕೂತೆ, ಎರಡು ಸಲ ಗೆದ್ದೆ, ಮೂರನೇ ಸಲ ಎದ್ದುಬಿಟ್ಟೆ, ಅವನಿಗೆ ನಗು, ಊರೆಲ್ಲಾ ಕುರ್ಚಿ ಸಿಗ್ಲಿ ಅಂತ ಒದ್ದಾಡುತ್ತೆ, ನೀನೊಬ್ಳು ಸಿಕ್ಕಿದ್ರಲ್ಲಿ ಕೂರೋಕೆ ಒದ್ದಾಡ್ತೀಯ — ನನಗೆ ಅಳು. ಹೆದರಿಕೆ, ಅಷ್ಟೇ, ಅದಕ್ಕೆ ಬೇರೆ ಹೆಸರು ಬೇಕಿಲ್ಲ. ಕಲಿಸಿದ್ದು ಅಮ್ಮನ ಕೈ. ಅಮ್ಮ ಇದೇ ಸಭಾಂಗಣ ಒರೆಸುತ್ತಿದ್ದಳು, ನಾನು ಶಾಲೆಯಿಂದ ಬಂದು ಆ ಮೂಲೆಯಲ್ಲಿ ಮಗ್ಗಿ ಬರೆಯುತ್ತಾ ಕೂರುತ್ತಿದ್ದೆ, ಹೊರಗೆ ಕಾಲಸಪ್ಪಳ ಕೇಳಿದರೆ ಅವಳು ಮಾತಾಡುತ್ತಿರಲಿಲ್ಲ, ಅಂಗೈ ಮೇಲೆ ಮಾಡಿ ಎರಡು ಸಲ ಎತ್ತುತ್ತಿದ್ದಳು, ಏಳು, ಏಳು — ಸೋಪಿನ ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದ ಅಂಗೈ. ಶಾಲೆಯಲ್ಲಿ ಮೇಷ್ಟ್ರು ಮಗ್ಗಿ ಹೇಳಿಸುತ್ತಾ ಏಳು ಅಂದರೆ ತರಗತಿಯೆಲ್ಲ ಬರೆದುಕೊಳ್ಳುತ್ತಿತ್ತು, ನಾನು ಎದ್ದು ನಿಲ್ಲುತ್ತಿದ್ದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದೇ ಒಂದು ಸಲ ಇಲ್ಲಿ ನಾನು ಏಳುವುದು ತಡವಾಯಿತು, ಯಜಮಾನರು ನೋಡಿದರು, ಆ ವಾರವೇ ಅಮ್ಮನನ್ನು ಕಕ್ಕಸು ತೊಳೆಯಲು ಹಾಕಿದರು. ಅಮ್ಮ ನನ್ನನ್ನು ಬಯ್ಯಲೂ ಇಲ್ಲ, ಬಯ್ದಿದ್ದರೆ ಚೆನ್ನಾಗಿತ್ತು.

ಹಿಂದಿನ ಸಾಲಿನಲ್ಲಿ ಸಾರ್ವಜನಿಕರಿಗೆಂದು ಐದು ಕುರ್ಚಿ ಹಾಕಿಸಿದ್ದೇನೆ, ಬಾರಮ್ಮಾ ಅಂದರೆ, ಅಯ್ಯೋ ಬೇಡ ಕಣೇ, ನಾನ್ ಒರೆಸಿದ ಕುರ್ಚಿ ಮೇಲೆ ನಾನೇ ಕೂತ್ರೆ ಮತ್ತೆ ಒರೆಸ್ಬೇಕಾಗುತ್ತೆ, ತಮಾಷೆಯೋ ನಿಜವೋ ಗೊತ್ತಿಲ್ಲ, ಆದರೂ ಬಂದಿದ್ದಾಳೆ, ಕುರ್ಚಿಯ ತುದಿಯಲ್ಲಿ, ಚೀಲ ತೊಡೆಯ ಮೇಲೆ — ಕೆಮ್ಮು. ಬಂದರು. ಹಿಡಿ, ಕುರ್ಚಿಯ ಕೈ ಹಿಡಿ, ಟಕ್, ಸದಸ್ಯರು ಒಬ್ಬೊಬ್ಬರಾಗಿ ಏಳುತ್ತಿದ್ದಾರೆ, ನನ್ನ ಆರು ಜನರೂ, ಏಳಲಿ, ಅವರೆದ್ದರೆ ಸಭೆ ಮುಗಿಯುವುದಿಲ್ಲ, ಯಜಮಾನರು ನಡುವೆ ನಿಂತು ನನ್ನನ್ನೇ ನೋಡುತ್ತಿದ್ದಾರೆ, ಕೂರುತ್ತಿಲ್ಲ, ಕಾಯುತ್ತಿದ್ದಾರೆ, ಕಾಲನ್ನು ಕುರ್ಚಿಯ ಕಾಲಿಗೆ ಸುತ್ತಿಕೋ, ಮೇಜಿನ ಕೆಳಗೆ ಯಾರಿಗೆ ಕಾಣುತ್ತದೆ, ಎಲ್ಲರೂ ಕೂತ್ಕೊಳ್ಳಿ, ಇದು ನನ್ನ ದನಿಯೇ, ಕೂತರು, ಅವರೂ ಕೂತರು, ಅಯ್ಯೋ ಕೂತೇಬಿಟ್ಟರು, ಓದು, ಬೇಗ ಓದು, ವಿಷಯ ಏಳು, ಕಣ್ಣೆತ್ತುತ್ತೇನೆ — ಇಡೀ ಸಭಾಂಗಣದಲ್ಲಿ ಅಮ್ಮ ಒಬ್ಬಳೇ ನಿಂತಿದ್ದಾಳೆ, ಮುಖ ಬಿಳಿಚಿದೆ, ಚೀಲ ನೆಲಕ್ಕೆ ಬಿದ್ದಿದೆ, ನನ್ನತ್ತ ಅಂಗೈ ಎತ್ತುತ್ತಿದ್ದಾಳೆ, ಎರಡು ಸಲ, ಮತ್ತೆ ಎರಡು ಸಲ, ವಿಷಯ ಏಳು, ಓದುತ್ತೇನಮ್ಮಾ, ಕೂತೇ ಓದುತ್ತೇನೆ, ಕೈ ಇಳಿಸು, ವಿಷಯ ಏಳು, ಆ ಬೆಳ್ಳಗಿನ ಅಂಗೈ, ವಿಷಯ ಏಳು, ಆ ಅಂಗೈ