ಏನೂ ತೊಂದರೆ ಇಲ್ಲ ಸರ್

ಸೈನ್ಯದಲ್ಲಿ ಹದಿನೇಳು ವರ್ಷ ಲಾರಿ ಓಡಿಸಿ ಬಂದ ಗಂಡನಿಗೆ ಟೈಲರಮ್ಮ ಒಂದು ವಾರದಿಂದ ನರಳೋದು ಹೇಗೆ ಅಂತ ಪಾಠ ಹೇಳಿಕೊಡುತ್ತಿದ್ದಳು. ಪುಣ್ಯಾತ್ಮನ ತಲೆಗೆ ಹತ್ತುತ್ತಲೇ ಇರಲಿಲ್ಲ.

ಹೊಲಿಗೆ ಮಷೀನಿನ ಹಿಂದೆ ಕೂತು, ಕೊರಳಿಗೆ ಟೇಪು ನೇತುಹಾಕಿಕೊಂಡು ಅವಳೇ ಡಾಕ್ಟರಾಗಿ "ಹೇಗಿದ್ದೀರಿ?" ಅಂತ ಗಡಸಾಗಿ ಕೇಳುತ್ತಿದ್ದಳು. ಅವನು ಹಿಮ್ಮಡಿ ಜೋಡಿಸಿ, ಎದೆ ಸೆಟೆಸಿ, "ಏನೂ ತೊಂದರೆ ಇಲ್ಲ ಸರ್" ಅನ್ನುತ್ತಿದ್ದ. ಆಮೇಲೆ ಅರ್ಧ ನಿಮಿಷ ಕೆಮ್ಮುತ್ತಿದ್ದ.

"ನಿಮ್ಮ ತಲೆ. ತೊಂದರೆ ಇಲ್ಲದಿದ್ರೆ ಮೆಡಿಕಲ್ ಬೋರ್ಡಿಗೆ ಯಾಕೆ ಹೋಗ್ತೀರಿ, ಅವರ ಮುಖ ನೋಡಿ ಬರೋಕಾ?"

"ಅಭ್ಯಾಸ ಕಣೇ."

ಹಾಳು ಅಭ್ಯಾಸ. ಗಡಿಯ ಕ್ಯಾಂಪಿನಲ್ಲಿ ಇವನ ತಂಡ ಸ್ನಾನದ ನೀರು ಕಾಯಿಸುತ್ತಿದ್ದದ್ದು ಖಾಲಿ ಡ್ರಮ್ಮುಗಳಲ್ಲಿ. ಮೊದಲು ಅವುಗಳಲ್ಲಿ ಇದ್ದದ್ದು ಕ್ಯಾಂಪಿನ ಸುತ್ತಲ ಪೊದೆ ಒಣಗಿಸುವ ಔಷಧಿ. ಮೇಲೆ ತಲೆಬುರುಡೆಯ ಚಿತ್ರ ಇತ್ತು, ಅಕ್ಷರ ಬಾರದವರಿಗೂ ಅರ್ಥವಾಗಲಿ ಅಂತ. ಈ ಮಹಾಶಯರು ಏನು ಮಾಡಿದರು? ಬುರುಡೆಗೆ ಟಾರಿನಲ್ಲಿ ಮೀಸೆ ಬರೆದರು. ಥೇಟ್ ನಮ್ಮ ಸಾಹೇಬರ ಹಾಗಿದೆ ಅಂತ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಎರಡು ವರ್ಷ ಅದೇ ನೀರು ಮೈಮೇಲೆ ಹುಯ್ದುಕೊಂಡರು, ಅದೇ ಹಬೆ ಕುಡಿದರು.

ಇನ್ನು ಸೈನ್ಯ ಬಿಡುವ ದಿನದ ಕಥೆ ಕೇಳಿ. ಕೈಗೆ ಕೊಟ್ಟ ಫಾರಂನಲ್ಲಿ ಕೆಮ್ಮು, ಕಣ್ಣು, ಚರ್ಮ, ನಿದ್ದೆ ಅಂತ ಇಪ್ಪತ್ತೆರಡು ಸಾಲು. ಒಂದಕ್ಕೆ 'ಹೌದು' ಅಂದರೂ ಹತ್ತು ದಿನ ಆಸ್ಪತ್ರೆಯಲ್ಲಿ ಕೆಡವಿಕೊಳ್ಳುತ್ತಿದ್ದರು. ಊರಿನ ರೈಲು ಸಂಜೆ ಐದಕ್ಕೆ. ಇಡೀ ತಂಡ ಕೆಮ್ಮುತ್ತಾ ಕೆಮ್ಮುತ್ತಾ ಇಪ್ಪತ್ತೆರಡು ಸಲ 'ಇಲ್ಲ' ಅಂತ ಬರೆದು ಸ್ಟೇಷನ್ನಿಗೆ ಓಡಿತು.

ಅದಾಗಿ ನಾಲ್ಕು ವರ್ಷ. ಬೋರ್ಡಿನವರು ಅದೇ ಫಾರಂ ಹಿಡಿದು, 'ನೀವೇ ಬರೆದಿದ್ದೀರಲ್ಲ' ಅಂತ ಎರಡು ಸಲ ಅರ್ಜಿ ವಾಪಸ್ಸು ಕಳಿಸಿದ್ದರು. ಇದು ಮೂರನೆಯದು, ಕೊನೆಯದು. ಸೈನ್ಯದಲ್ಲೇ ಹತ್ತಿದ ರೋಗ ಅಂತ ಒಪ್ಪಿದರೆ ಅವರ ದೊಡ್ಡಾಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆ ಚಿಕಿತ್ಸೆ. ಇಲ್ಲದಿದ್ದರೆ ಬೀದಿ ಮೂಲೆಯ ಅಂಗಡಿಯ ಕೆಮ್ಮಿನ ಔಷಧಿಯೇ ಗತಿ.

ಹಾಗಾಗಿ ಟೈಲರಮ್ಮ ಇರುವ ಕೆಮ್ಮು, ತುರಿಕೆಯ ಜೊತೆಗೆ ಇಲ್ಲದ್ದನ್ನೂ ಒಂದಿಷ್ಟು ಸೇರಿಸಿದ್ದಳು. "ವಾರದಲ್ಲಿ ಎರಡು ರಾತ್ರಿ ನಿದ್ದೆ ಇಲ್ಲ ಅನ್ನಿ. ಹತ್ತು ಮೆಟ್ಟಿಲು ಹತ್ತಿದ್ರೆ ಕೂತುಬಿಡ್ತೀನಿ ಅನ್ನಿ."

"ಸುಳ್ಳು ಹೇಳೋದಾ?"

"ಆಹಾ, ದೊಡ್ಡ ಸತ್ಯವಂತರು. ಆವತ್ತು ಇಪ್ಪತ್ತೆರಡು ಸುಳ್ಳು ಬರೆದಾಗ ಬೀಳದ ಕೈ, ಇನ್ನೆರಡಕ್ಕೆ ಬಿದ್ದುಹೋಗುತ್ತಾ?"

ಬೋರ್ಡಿನ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ. ಬೆಂಚುಗಳ ತುಂಬ ಮಾಜಿ ಸೈನಿಕರು. ಒಬ್ಬನ ಕೆಮ್ಮು ನಿಂತರೆ ಇನ್ನೊಬ್ಬ ವಹಿಸಿಕೊಳ್ಳುತ್ತಿದ್ದ. ಒಳಗೆ ಸಮವಸ್ತ್ರದ ಡಾಕ್ಟರ್, ಭುಜದ ಮೇಲೆ ಹೊಳೆಯುವ ಹಿತ್ತಾಳೆ. ಆ ಹಿತ್ತಾಳೆ ಕಂಡದ್ದೇ ತಡ, ಇವನ ಹಿಮ್ಮಡಿಗಳು ತಾವಾಗಿ ಕೂಡಿಕೊಂಡವು.

"ಹೇಗಿದ್ದೀರಿ?"

"ಏನೂ ತೊಂದರೆ ಇಲ್ಲ ಸರ್."

ಡಾಕ್ಟರ್ ಬರೆಯೋಕೆ ಪೆನ್ನು ಎತ್ತಿದರು. ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಪ್ರಾಣ ಹೋಗ್ತಿದ್ರೂ ಇವರು ಹಾಗೇ ಅನ್ನೋದು ಸರ್. ವಾರದಲ್ಲಿ ಎರಡು ರಾತ್ರಿ ನಿದ್ದೆ ಇಲ್ಲ. ಹತ್ತು ಮೆಟ್ಟಿಲು ಹತ್ತಿದ್ರೆ ಕೂತುಬಿಡ್ತಾರೆ."

"ನಿಜವಾ?" ಡಾಕ್ಟರ್ ಅವನನ್ನೇ ಕೇಳಿದರು.

"ಇಲ್ಲ ಸರ್. ಸುಳ್ಳು."

ಅವಳು ಹಿಂದಿನಿಂದ ಅವನ ತೋಳು ಚಿವುಟಿದಳು. ಮುಗೀತು, ನಾಲ್ಕು ವರ್ಷದ ಅಲೆದಾಟವೆಲ್ಲ ಮಣ್ಣುಪಾಲು. ಮನೆಗೆ ಬರಲಿ, ಇವತ್ತಿದೆ ಇವರಿಗೆ ಅಂದುಕೊಂಡಳು.

"ಎರಡು ರಾತ್ರಿ ಅಲ್ಲ ಸರ್," ಅಂದ ಅವನು ಎದುರಿನ ಗೋಡೆ ನೋಡುತ್ತಾ, ವರದಿ ಒಪ್ಪಿಸುವವನ ಹಾಗೆ. "ಮನೆಗೆ ಬಂದ ದಿನದಿಂದ ನಾನು ಮಲಗಿ ನಿದ್ದೆ ಮಾಡಿಲ್ಲ. ಮಲಗಿದ್ರೆ ಉಸಿರು ಕಟ್ಟುತ್ತೆ. ಇವಳಿಗೆ ನಿದ್ದೆ ಹತ್ತಿದ ಮೇಲೆ ಅಡುಗೆಮನೆಗೆ ಹೋಗಿ ಸ್ಟೂಲ್ ಮೇಲೆ ಕೂತ್ಕೋತೀನಿ. ಇವಳು ಏಳೋ ಹೊತ್ತಿಗೆ ವಾಪಸ್ ಬಂದು ಪಕ್ಕದಲ್ಲಿ ಮಲಗ್ತೀನಿ. ಮೆಟ್ಟಿಲೂ ಹತ್ತು ಅಲ್ಲ ಸರ್, ನಾಲ್ಕಕ್ಕೇ ಕೂತುಬಿಡ್ತೀನಿ. ಪಾದ ಎರಡೂ ಮರಗಟ್ಟಿವೆ. ಕೆಮ್ಮಿದಾಗ ಒಂದೊಂದು ಸಲ ರಕ್ತ ಬರುತ್ತೆ, ಕರ್ಚೀಫು ನಾನೇ ಒಗೆದುಬಿಡ್ತೀನಿ."

ಟೈಲರಮ್ಮನ ಕೈ ಅವನ ತೋಳಿನ ಮೇಲೆ ಹಾಗೇ ಉಳಿಯಿತು. ಅಡುಗೆಮನೆ ಇದ್ದದ್ದು ಅವಳ ಮಂಚದಿಂದ ಆರು ಹೆಜ್ಜೆ ದೂರದಲ್ಲಿ.

"ಮನೇಲಿ ಯಾಕೆ ಹೇಳಲಿಲ್ಲ?" ಅಂದರು ಡಾಕ್ಟರ್.

"ಇಡೀ ದಿನ ಮಷೀನ್ ತುಳೀತಾಳೆ ಸರ್. ರಾತ್ರಿನಾದ್ರೂ ಮಲಗಲಿ ಅಂತ."

ಡಾಕ್ಟರ್ ತುಂಬ ಹೊತ್ತು ಬರೆದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಮತ್ತೆ ಬರೆದರು. ಆಮೇಲೆ ಅವಳ ಕಡೆ ತಿರುಗಿದರು. "ಇವರ ಮಾತೊಂದೇ ಸಾಲದಮ್ಮ, ಇವರೇ ಬರೆದ ಹಳೇ ಫಾರಂ ಅಡ್ಡ ಬರುತ್ತೆ. ಬಂದ ದಿನದಿಂದ ಹೀಗೇ ಇತ್ತು, ಕಣ್ಣಾರೆ ನೋಡಿದ್ದೀನಿ ಅಂತ ಮನೆಯವರು ಸಹಿ ಹಾಕಿದ್ರೆ ಆ ಫಾರಂ ನಿಲ್ಲಲ್ಲ. ನಿಮಗೆ ಗೊತ್ತಿತ್ತಾ?"

"ಅವಳಿಗೆ ಗೊತ್ತಿ..." ಅಂತ ಅವನು ಬಾಯಿ ತೆರೆದ. ಅವಳು ಅವನ ಕೈ ಬಲವಾಗಿ ಅದುಮಿದಳು. ನಾಚಿಕೆಯಿಂದ ಅವಳಿಗೆ ಸತ್ತುಹೋಗಬೇಕು ಅನ್ನಿಸುತ್ತಿತ್ತು.

"ಗೊತ್ತಿತ್ತು ಸರ್. ದಿನಾ ನೋಡ್ತಿದ್ದೆ."

"ನಾಲ್ಕು ವರ್ಷ ನೋಡ್ಕೊಂಡು ಸುಮ್ಮನಿದ್ರಾ?"

"ಹೂಂ ಸರ್," ಅಂದಳು. "ಸುಮ್ಮನೆ ಮಲಗಿದ್ದೆ. ಬರ್ಕೊಳ್ಳಿ."